ನರಕೋಶದ ಬಲೆಯೂ ಓಲೆಯ ಕಟ್ಟೂ

ಸದಾಶಿವಗಡದ ಕೋಟೆಯ ಗುಡ್ಡವನ್ನೇರಿ ನಿಂತವರಿಗೆ ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ನೋಟ ಚಿರಪರಿಚಿತವಾದುದು. ಸೋದೆಯ ಅರಸರು ಕಟ್ಟಿಸಿದ ಈ ಗಡದ ಕೆಳಗಿನ ಕಡಲ ದಂಡೆಗಳಲ್ಲಿ ಒಂದು ಕಾಲಕ್ಕೆ ರಂಪಣಿ ಬಲೆಯನ್ನು ಎಳೆಯುತ್ತಿದ್ದುದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಅನೇಕ ತುಂಡುಗಳನ್ನು ಜೋಡಿಸಿ ಸಿದ್ಧಗೊಳಿಸಿದ ಆ ದೊಡ್ಡ ಬಲೆಯ ಎರಡು ತುದಿಗಳನ್ನು ದಡದ ಮೇಲೆ ನಿಂತು ಹತ್ತಾರು ಜನ ಒಟ್ಟಾಗಿ ಎಳೆಯಬೇಕಾಗುತ್ತಿತ್ತು. 1970ರ ದಶಕದ ಕೊನೆಯಲ್ಲಿ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿಯು ಕ್ರಮೇಣ ಹಿಂದೆ ಸರಿಯಿತು. ಆದರೆ ಬಲೆ ಎಂಬ ವಸ್ತುವಿನ ಸ್ವಭಾವ ಬದಲಾಗಲಿಲ್ಲ. ಅದರ ಗಂಟುಗಳು ಹಿಡಿದಿಡುತ್ತವೆ, ಅದರ ಕಣ್ಣುಗಳು ಹೋಗಗೊಡುತ್ತವೆ. ಎರಡೂ ಇದ್ದಾಗಲೇ ಅದು ಬಲೆ.

ಇಂಥದೇ ಒಂದು ಬಲೆ ನಮ್ಮ ಪ್ರತಿಯೊಬ್ಬರ ಮೆದುಳಿನಲ್ಲಿಯೂ ಇದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಕೆಲವು ಬಗೆಯ ನರಕೋಶಗಳ ಸುತ್ತ ಹೆಣೆದುಕೊಂಡಿರುವ ಈ ಸೂಕ್ಷ್ಮ ಜಾಲವು ಬಾಲ್ಯದಲ್ಲಿ ನಿಧಾನವಾಗಿ ನೇಯಲ್ಪಟ್ಟು, ಕಲಿತುದನ್ನು ಭದ್ರಪಡಿಸುತ್ತದೆ ಮತ್ತು ಅದೇ ಕಾರಣದಿಂದ ಹೊಸದಾಗಿ ಕಲಿಯುವುದನ್ನು ಸ್ವಲ್ಪಮಟ್ಟಿಗೆ ಕಷ್ಟಸಾಧ್ಯವಾಗಿಸುತ್ತದೆ. ಈ ಬಲೆಯನ್ನು ಯಾವಾಗ ನೇಯಬೇಕು, ಎಷ್ಟು ಬಿಗಿಯಾಗಿ ನೇಯಬೇಕು ಎಂಬ ಆಜ್ಞೆ ಎಲ್ಲಿಂದ ಹೊರಡುತ್ತದೆ? ಮಗು ಕಂಡದ್ದು, ಕೇಳಿದ್ದು, ಅನುಭವಿಸಿದ್ದು ಆ ಆಜ್ಞೆಯನ್ನು ಬದಲಿಸಬಲ್ಲುದೆ? ಪ್ರಸ್ತುತ ಲೇಖನದ ವಿಷಯವಿದು.

ವಿಷಯ ಪ್ರಯೋಗಾಲಯದ್ದಾದರೂ ನನಗೆ ಇದರಲ್ಲಿ ಆಸಕ್ತಿ ಹುಟ್ಟಿದ್ದು ತರಗತಿಯಲ್ಲಿ. ಮೂವತ್ತು ವರ್ಷಗಳಿಗೂ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿ ನಾನು ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ಹುಡುಗನೊಬ್ಬ ಹಲಗೆಯ ಮೇಲಿನ ಅಕ್ಷರಗಳನ್ನು ಬರೆದುಕೊಳ್ಳುವಾಗ ಯಾವಾಗಲೂ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಿದ್ದ. ಅದು ಅವನ ಉದಾಸೀನವೆಂದು ಬಗೆದು ಅನೇಕ ಸಲ ಗದರಿಸಿದೆ, ಕೆಲವು ಸಲ ನಿಲ್ಲಿಸಿಯೂ ನಿಲ್ಲಿಸಿದೆ. ಅವನಿಗೆ ಹದಿನೈದು ವರ್ಷವಾದಾಗ ಕಣ್ಣಿನ ವೈದ್ಯರು ಪರೀಕ್ಷಿಸಿ, ಎಡಗಣ್ಣಿಗೆ ಚಿಕ್ಕಂದಿನಿಂದಲೂ ದೃಷ್ಟಿದೋಷವಿತ್ತೆಂದೂ, ಈಗ ಕನ್ನಡಕವಿಟ್ಟರೂ ಆ ಕಣ್ಣಿಗೆ ಪೂರ್ಣ ನೋಟ ಬರುವುದು ಕಷ್ಟವೆಂದೂ ಹೇಳಿದರು. ಕಣ್ಣು ಸರಿಯಾಗಿತ್ತು, ಆ ಕಣ್ಣಿನಿಂದ ನೋಡುವುದನ್ನು ಮೆದುಳು ಕಲಿತಿರಲಿಲ್ಲ. ನೌಕಾದಳವನ್ನು ಸೇರಬೇಕೆಂಬ ಅವನ ಆಸೆ ಅಲ್ಲಿಗೆ ಮುಗಿಯಿತು. ಕಲಿಯುವ ಕಾಲದಲ್ಲಿ ಮೆದುಳು ಏಕೆ ಕಲಿಯಲಿಲ್ಲ, ಕಾಲ ಕಳೆದ ಮೇಲೆ ಏಕೆ ಕಲಿಯಲಾರದಾಯಿತು ಎಂಬ ಪ್ರಶ್ನೆ ನನ್ನನ್ನು ಅಂದಿನಿಂದ ಬಿಟ್ಟಿಲ್ಲ.

ಕೋಶಗಳ ನಡುವಿನ ಜಗತ್ತು

ಮಾನವನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶವು ಮತ್ತೊಂದಕ್ಕೆ ಸಂದೇಶವನ್ನು ದಾಟಿಸುವ ಸ್ಥಾನವನ್ನು ನರಸಂಧಿ ಎನ್ನುತ್ತೇವೆ. ಕಲಿಕೆ ಎಂಬುದು ಬಹುಮಟ್ಟಿಗೆ ಈ ಸಂಧಿಗಳು ಬಲಗೊಳ್ಳುವ, ಕ್ಷೀಣಿಸುವ, ಹೊಸದಾಗಿ ಹುಟ್ಟುವ ಕ್ರಿಯೆಯೇ ಆಗಿದೆ. ಇಷ್ಟನ್ನು ಶಾಲೆಯ ಪಠ್ಯಗಳೂ ಹೇಳುತ್ತವೆ. ಆದರೆ ಕೋಶಗಳ ನಡುವೆ ಏನಿದೆ ಎಂಬುದರ ಕಡೆಗೆ ಬಹುಕಾಲ ಯಾರೂ ಗಮನ ಹರಿಸಲಿಲ್ಲ. ಮೆದುಳಿನ ಗಾತ್ರದಲ್ಲಿ ಸುಮಾರು ಐದನೆಯ ಒಂದು ಭಾಗ ಕೋಶಗಳ ಹೊರಗಿನ ಪ್ರದೇಶವಾಗಿದೆ. ಅದು ಬರಿಯ ನೀರು ತುಂಬಿದ ತೆರಪಲ್ಲ. ಸಸಾರಜನಕಗಳೂ ಶರ್ಕರದ ಉದ್ದುದ್ದ ಸರಪಳಿಗಳೂ ಕೂಡಿದ ಒಂದು ವ್ಯವಸ್ಥಿತ ದ್ರವ್ಯ ಅಲ್ಲಿದೆ. ಇದನ್ನು ಕೋಶಬಾಹ್ಯ ಮಾತೃಕೆ ಎಂದು ಕರೆಯಬಹುದು.

ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1890ರ ದಶಕದಲ್ಲಿ ತನ್ನ ವರ್ಣಲೇಪನ ವಿಧಾನದಿಂದ ಕೆಲವು ನರಕೋಶಗಳನ್ನು ಸುತ್ತುವರಿದ ಜಾಲರಿಯಂಥ ಹೊದಿಕೆಯನ್ನು ಕಂಡು ವರ್ಣಿಸಿದನು. ಸ್ಪೇನಿನ ಸ್ಯಾಂಟಿಯಾಗೊ ರಮೋನ್ ಇ ಕಹಾಲ್ ಅದನ್ನು ಒಪ್ಪಲಿಲ್ಲ. ಲೇಪನದ ಸಮಯದಲ್ಲಿ ದ್ರವವು ಹೆಪ್ಪುಗಟ್ಟಿದ್ದರಿಂದ ಉಂಟಾದ ಭ್ರಮೆ ಅದೆಂಬುದು ಅವನ ಅಭಿಪ್ರಾಯ. 1906ರಲ್ಲಿ ಇವರಿಬ್ಬರಿಗೂ ನೊಬೆಲ್ ಪಾರಿತೋಷಕವನ್ನು ಹಂಚಿ ಕೊಡಲಾಯಿತು. ನರಕೋಶಗಳು ಬಿಡಿಬಿಡಿಯಾದ ಘಟಕಗಳೆಂಬ ದೊಡ್ಡ ವಿವಾದದಲ್ಲಿ ಕಹಾಲನೇ ಸರಿಯಾಗಿದ್ದುದರಿಂದಲೋ ಏನೋ, ಬಲೆಯ ವಿಷಯದಲ್ಲಿಯೂ ಅವನ ಮಾತೇ ನಿಂತಿತು. ಹೊಸ ಲೇಪನ ವಿಧಾನಗಳು ಬಂದ ಮೇಲೆ ಗಾಲ್ಜಿ ಕಂಡದ್ದು ನಿಜವಾದ ವಸ್ತುವೇ ಎಂಬುದು ಸ್ಥಿರಪಟ್ಟಿತು. ದೊಡ್ಡವರ ತಪ್ಪೂ ದೊಡ್ಡದಾಗಿಯೇ ಬಾಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಈ ಬಲೆಯ ರಚನೆಯನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು. ಇದರ ಮುಖ್ಯ ಹುರಿ ಹೈಅಲ್ಯುರೊನನ್ ಎಂಬ ಶರ್ಕರದ ಸರಪಳಿ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ಈ ಸರಪಳಿಯಲ್ಲಿ ಒಂದು ಬಿಟ್ಟು ಒಂದರಂತೆ ಬರುವ ಶರ್ಕರಘಟಕವೇ ನಮ್ಮ ಅಳಿವೆಯ ಏಡಿ ಮತ್ತು ಸಿಗಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವಿನ ಘಟಕವೂ ಹೌದು. ಹೈಅಲ್ಯುರೊನನ್ ಹುರಿಗೆ ಆಗ್ರಿಕಾನ್, ಬ್ರೆವಿಕಾನ್, ನ್ಯೂರೊಕಾನ್ ಮೊದಲಾದ ದೊಡ್ಡ ಅಣುಗಳು ತಗುಲಿಕೊಂಡಿರುತ್ತವೆ. ಇವುಗಳ ಮೈಯಿಂದ ಕೊಂಡ್ರಾಯಿಟಿನ್ ಸಲ್ಫೇಟ್ ಎಂಬ ಸರಪಳಿಗಳು ಹಲ್ಲುಗಳಂತೆ ಹೊರಚಾಚಿರುತ್ತವೆ. ಹುರಿಯನ್ನೂ ಅಣುಗಳನ್ನೂ ಬಿಗಿಯುವ ಗಂಟಿನ ಕೆಲಸವನ್ನು ಜೋಡಕ ಸಸಾರಜನಕಗಳು ಮಾಡಿದರೆ, ಟೆನಾಸಿನ್-ಆರ್ ಎಂಬುದು ಒಂದು ಎಳೆಯನ್ನು ಇನ್ನೊಂದಕ್ಕೆ ಕಟ್ಟುತ್ತದೆ. ಕೊಂಡ್ರಾಯಿಟಿನ್ ಎಂಬ ಹೆಸರು ಮೃದ್ವಸ್ಥಿಯನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಬಂದುದು. ಆಗ್ರಿಕಾನ್ ನಮ್ಮ ಮೊಣಕಾಲ ಕೀಲಿನಲ್ಲಿಯೂ ಧಾರಾಳವಾಗಿದೆ. ಪ್ರಕೃತಿಯು ಒಂದೇ ಸಾಮಗ್ರಿಯನ್ನು ಒಂದೆಡೆ ಭಾರ ಹೊರಲು, ಇನ್ನೊಂದೆಡೆ ನೆನಪನ್ನು ಕಾಯಲು ಬಳಸಿಕೊಂಡಿದೆ.

ದಕ್ಷಿಣ ಭಾರತದಲ್ಲಿಯೂ ಈ ಅಧ್ಯಯನಕ್ಕೆ ಹಳೆಯ ಬೇರುಗಳಿವೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ನರರಸಾಯನ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಬಿ. ಕೆ. ಬಛಾವತ್ ಅವರು ತಮ್ಮ ಸಹೋದ್ಯೋಗಿಯೊಡನೆ, ಮೆದುಳಿನಲ್ಲಿರುವ ಇಂಥ ಶರ್ಕರ ಸರಪಳಿಗಳ ಹಂಚಿಕೆಯನ್ನೂ ವಯಸ್ಸಿನೊಡನೆ ಅವು ಬದಲಾಗುವ ರೀತಿಯನ್ನೂ ಕುರಿತು 1965ರಲ್ಲಿಯೇ ಸಂಶೋಧನ ಲೇಖನವನ್ನು ಪ್ರಕಟಿಸಿದ್ದರು. ಮೆದುಳಿನ ಹೊರದ್ರವ್ಯಕ್ಕೆ ವಯಸ್ಸು ಎಂಬುದೊಂದು ಉಂಟು ಎಂಬ ಅಂಶವನ್ನು ಇಲ್ಲಿ ಗಮನಿಸಬೇಕು. ಮುಂದಿನ ವಿಚಾರವೆಲ್ಲ ಅದನ್ನೇ ಅವಲಂಬಿಸಿದೆ.

ಕಲಿಕೆಯ ಋತುಮಾನ

ಬಿತ್ತನೆಗೆ ಹದವಾದ ಕಾಲವಿರುವಂತೆ ಕೆಲವು ಕಲಿಕೆಗಳಿಗೂ ಒಂದು ಕಾಲವಿದೆ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಕೆಲವು ಕಾಲ ಮುಚ್ಚಿಟ್ಟು ಪರೀಕ್ಷಿಸಿದರು. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಹೀಗೆ ಮುಚ್ಚಿದ ಕಣ್ಣು, ಅನಂತರ ತೆರೆದರೂ, ಮೆದುಳಿನಲ್ಲಿ ತನ್ನ ಸ್ಥಾನವನ್ನು ಕಳೆದುಕೊಂಡಿರುತ್ತಿತ್ತು. ಇನ್ನೊಂದು ಕಣ್ಣಿನ ತಂತುಗಳು ಆ ಸ್ಥಾನವನ್ನು ಆಕ್ರಮಿಸಿಕೊಂಡಿರುತ್ತಿದ್ದವು. ಬೆಳೆದ ಬೆಕ್ಕಿನಲ್ಲಿ ಹಾಗೆಯೇ ಮಾಡಿದರೆ ಇಂಥ ಹಾನಿಯಾಗುತ್ತಿರಲಿಲ್ಲ. ಈ ಸಂಶೋಧನೆಗೆ 1981ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅನುಭವಕ್ಕೆ ಮೆದುಳು ವಿಶೇಷವಾಗಿ ತೆರೆದುಕೊಂಡಿರುವ ಈ ಅವಧಿಗೆ ನಿರ್ಣಾಯಕ ಕಾಲವೆಂದು ಹೆಸರು.

ನರಕೋಶಗಳ ಸುತ್ತಣ ಬಲೆ ಪೂರ್ಣಗೊಳ್ಳುವುದು ಬಹುಮಟ್ಟಿಗೆ ಈ ನಿರ್ಣಾಯಕ ಕಾಲ ಮುಗಿಯುವ ಹೊತ್ತಿನಲ್ಲಿಯೇ. ಪ್ರಾಣಿಗಳನ್ನು ಕತ್ತಲೆಯಲ್ಲಿ ಬೆಳೆಸಿದರೆ ಬಲೆಯೂ ತಡವಾಗಿ ಬೆಳೆಯುತ್ತದೆ, ನಿರ್ಣಾಯಕ ಕಾಲವೂ ಮುಂದಕ್ಕೆ ಹೋಗುತ್ತದೆ. ಇದು ಕೇವಲ ಕಾಕತಾಳೀಯವೇ? 2002ರಲ್ಲಿ ಇಟಲಿಯ ಪೀಸಾ ನಗರದ ಟೊಮಾಸೊ ಪಿಟ್ಸೊರುಸೊ ಮತ್ತು ಅವರ ಸಂಗಡಿಗರು ಬೆಳೆದ ಇಲಿಗಳ ದೃಷ್ಟಿ ಪ್ರದೇಶದಲ್ಲಿ, ಕೊಂಡ್ರಾಯಿಟಿನ್ ಸರಪಳಿಗಳನ್ನು ಕತ್ತರಿಸುವ ಕಿಣ್ವವೊಂದನ್ನು ಚುಚ್ಚಿದರು. ಬಲೆ ಕರಗಿದಾಗ, ಮುಗಿದುಹೋಗಿದ್ದ ನಮ್ಯತೆ ಮರಳಿ ಬಂದಿತು. 2012ರಲ್ಲಿ ಜಪಾನಿನ ವಿಜ್ಞಾನಿಗಳು, ಈ ಸರಪಳಿಗಳ ಮೇಲಿನ ಗಂಧಕದ ಗುಂಪುಗಳು ಎಲ್ಲಿ ಕೂತಿವೆ ಎಂಬುದು ಸಹ ಮುಖ್ಯವೆಂದು ತೋರಿಸಿದರು. ಎಳೆಯ ಮೆದುಳಿನ ಮಾದರಿಯ ಸರಪಳಿಯನ್ನೇ ದೊಡ್ಡದಾದ ಮೇಲೂ ಉಳಿಸಿಕೊಂಡ ಇಲಿಗಳಲ್ಲಿ ಎಳೆಯತನದ ನಮ್ಯತೆಯೂ ಉಳಿದಿತ್ತು.

ಹಾಗಾದರೆ ಬಲೆ ಒಂದು ಅಡ್ಡಿ ಮಾತ್ರವೇ? ಖಂಡಿತ ಅಲ್ಲ. 2009ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ಇದರ ಮತ್ತೊಂದು ಮುಖವನ್ನು ತೋರಿಸಿತು. ಭಯದ ನೆನಪುಗಳು ನೆಲೆಸುವ ಅಮಿಗ್ಡಲಾ ಎಂಬ ಭಾಗದಲ್ಲಿ ಬಲೆ ಬೆಳೆಯುವುದಕ್ಕೆ ಮೊದಲು ಇಲಿಮರಿಗಳ ಭಯವನ್ನು ಶಮನಗೊಳಿಸಿದರೆ ಅದು ಅಳಿಸಿಯೇ ಹೋಗುತ್ತಿತ್ತು. ಬಲೆ ಬೆಳೆದ ಮೇಲೆ ಶಮನಗೊಂಡ ಭಯವೂ ಮತ್ತೆ ತಲೆಯೆತ್ತುತ್ತಿತ್ತು. ಒಮ್ಮೆ ಕಲಿತುದು ಉಳಿಯಬೇಕಾದರೆ ಅದಕ್ಕೊಂದು ಬೇಲಿ ಬೇಕು. ಆದರೆ ಬೇಲಿಗೆ ಒಳಗಿರುವ ಬೆಳೆ ಯಾವುದೆಂಬ ವಿವೇಚನೆಯಿಲ್ಲ. ಮಗ್ಗಿಯನ್ನು ಕಾಯುವಂತೆಯೇ ಅದು ಬೆತ್ತದ ಭಯವನ್ನೂ ಕಾಯಬಲ್ಲುದು.

ಓಲೆಯ ಕಟ್ಟಿನ ದೃಷ್ಟಾಂತ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಆಗ್ರಿಕಾನ್ ಆಗಲಿ ಜೋಡಕ ಸಸಾರಜನಕವಾಗಲಿ ತಾನಾಗಿ ಉದುರುವ ವಸ್ತುವಲ್ಲ. ಪ್ರತಿಯೊಂದಕ್ಕೂ ಒಂದು ವಂಶವಾಹಿ ಇದೆ. ಆ ವಂಶವಾಹಿಯನ್ನು ಕೋಶವು ಓದಿದಾಗ ಮಾತ್ರ ಆ ಸಸಾರಜನಕ ತಯಾರಾಗುತ್ತದೆ. ಮಾನವನಲ್ಲಿ ಸಸಾರಜನಕಗಳನ್ನು ಸೂಚಿಸುವ ಸುಮಾರು 20,000 ವಂಶವಾಹಿಗಳಿವೆ. ಯಕೃತ್ತಿನ ಕೋಶವಾಗಲಿ ಮೆದುಳಿನ ಕೋಶವಾಗಲಿ ಎಲ್ಲದರ ಒಳಗೂ ಇರುವ ಗ್ರಂಥ ಒಂದೇ. ಆದರೆ ಯಾವ ಕೋಶ ಯಾವ ಅಧ್ಯಾಯವನ್ನು ಯಾವಾಗ ಓದುತ್ತದೆ ಎಂಬುದು ಬೇರೆ ಬೇರೆ. ಅಕ್ಷರಗಳನ್ನು ತಿದ್ದದೆ ಓದನ್ನು ಮಾತ್ರ ನಿಯಂತ್ರಿಸುವ ಈ ವ್ಯವಸ್ಥೆಯ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. 1942ರಲ್ಲಿ ಕಾನ್ರಾಡ್ ವಾಡಿಂಗ್ಟನ್ ಎಂಬ ಬ್ರಿಟಿಷ್ ಜೀವವಿಜ್ಞಾನಿ ಈ ಹೆಸರನ್ನು ಬಳಕೆಗೆ ತಂದನು. ಆಗ ಅದರ ಅರ್ಥ ಇನ್ನೂ ವಿಶಾಲವಾಗಿತ್ತು. ಇಂದಿನ ರಾಸಾಯನಿಕ ಅರ್ಥ ಅನಂತರ ಬಂದುದು.

ಮಠಗಳ ಗ್ರಂಥಭಂಡಾರಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ತಿಳಿದೀತು. ಓಲೆಗಳನ್ನು ಎರಡು ಹಲಗೆಗಳ ನಡುವೆ ಇಟ್ಟು ದಾರದಿಂದ ಬಿಗಿದು ಕಟ್ಟಿರುತ್ತಾರೆ. ದಾರ ಬಿಗಿಯಾಗಿರುವ ತನಕ ಒಳಗಿನ ಬರಹ ಇದ್ದೂ ಇಲ್ಲದಂತೆ. ದಾರ ಸಡಿಲಿಸಿದರೆ ಗರಿಯನ್ನು ಸರಿಸಿ ಓದಬಹುದು. ಒಂದೊಂದು ಕೋಶದಲ್ಲಿಯೂ ಸುಮಾರು ಎರಡು ಮೀಟರ್ ಉದ್ದದ ಡಿ.ಎನ್.ಎ. ಎಳೆಯು ಹಿಸ್ಟೋನ್ ಎಂಬ ಸಸಾರಜನಕದ ಉಂಡೆಗಳಿಗೆ ಸುತ್ತಿಕೊಂಡು ಹೀಗೆಯೇ ಕಟ್ಟುಬಿದ್ದಿದೆ. ಹಿಸ್ಟೋನಿನ ಬಾಲಗಳಿಗೆ ಅಸಿಟೈಲ್ ಎಂಬ ಗುಂಪು ಸೇರಿದರೆ ಕಟ್ಟು ಸಡಿಲಗೊಂಡು ಓದು ಸುಗಮವಾಗುತ್ತದೆ. ಅದನ್ನು ತೆಗೆದರೆ ಮತ್ತೆ ಬಿಗಿಯುತ್ತದೆ. ಸೇರಿಸುವ ಕಿಣ್ವಗಳೂ ಬೇರೆ, ತೆಗೆಯುವ ಕಿಣ್ವಗಳೂ ಬೇರೆ. ಎರಡನೆಯ ಉಪಾಯವೆಂದರೆ ಡಿ.ಎನ್.ಎ.ಯ ಸೈಟೊಸಿನ್ ಎಂಬ ಅಕ್ಷರದ ಮೇಲೆಯೇ ಮಿಥೈಲ್ ಗುಂಪನ್ನು ಒಂದು ಚುಕ್ಕೆಯಂತೆ ಇಡುವುದು. ವಂಶವಾಹಿಯ ಆರಂಭದ ಭಾಗದಲ್ಲಿ ಇಂಥ ಚುಕ್ಕೆಗಳು ದಟ್ಟವಾದರೆ ಸಾಮಾನ್ಯವಾಗಿ ಅದರ ಓದು ನಿಲ್ಲುತ್ತದೆ.

ದೃಷ್ಟಾಂತಕ್ಕೆ ಒಂದು ಮಿತಿಯುಂಟು. ಓಲೆಯ ಕಟ್ಟನ್ನು ಬಿಚ್ಚಲು ಒಬ್ಬ ಓದುಗ ಬರಬೇಕು. ಕೋಶದಲ್ಲಿ ಅಂಥ ಒಬ್ಬನಿಲ್ಲ. ಹೊರಗಿನ ಬೆಳಕು, ಶಬ್ದ, ಹಸಿವು, ಭಯ ಇವು ನರಗಳ ಮೂಲಕವೂ ರಸದೂತಗಳ ಮೂಲಕವೂ ಬಂದು ಆ ಕಿಣ್ವಗಳನ್ನು ಚುರುಕುಗೊಳಿಸುತ್ತವೆ ಅಥವಾ ತಡೆಯುತ್ತವೆ.

ಬಲೆಯೂ ಕಟ್ಟೂ ಸೇರುವ ಸ್ಥಾನ

ಪೀಸಾದ ಅದೇ ವಿಜ್ಞಾನಿಗಳು 2007ರಲ್ಲಿ, ಎಳೆಯ ಇಲಿಗಳಿಗೆ ಬೆಳಕನ್ನು ತೋರಿಸಿದಾಗ ಅವುಗಳ ದೃಷ್ಟಿ ಪ್ರದೇಶದಲ್ಲಿ ಹಿಸ್ಟೋನಿನ ಅಸಿಟೈಲ್ ಗುಂಪುಗಳು ಹೆಚ್ಚುವುದನ್ನೂ, ಬೆಳೆದ ಇಲಿಗಳಲ್ಲಿ ಅದೇ ಬೆಳಕಿಗೆ ಈ ಪ್ರತಿಕ್ರಿಯೆ ಕುಗ್ಗಿರುವುದನ್ನೂ ಕಂಡುಕೊಂಡರು. ಅಸಿಟೈಲನ್ನು ತೆಗೆಯುವ ಕಿಣ್ವವನ್ನು ಔಷಧದಿಂದ ತಡೆದಾಗ ಬೆಳೆದ ಇಲಿಗಳ ಮೆದುಳೂ ಅನುಭವಕ್ಕೆ ಮತ್ತೆ ತೆರೆದುಕೊಂಡಿತು. 2010ರಲ್ಲಿ, ಚಿಕ್ಕಂದಿನಿಂದ ಒಂದು ಕಣ್ಣಿನ ನೋಟ ಕುಂದಿದ್ದ ಇಲಿಗಳಿಗೆ ಇಂಥ ಔಷಧ ಕೊಟ್ಟಾಗ ನೋಟ ಸುಧಾರಿಸಿತೆಂದು ವರದಿಯಾಯಿತು. ಅಂದರೆ ನಿರ್ಣಾಯಕ ಕಾಲದ ಬಾಗಿಲಿಗೆ ಎರಡು ಅಗುಳಿಗಳಿವೆ: ಕೋಶದ ಹೊರಗೆ ಬಲೆ, ಕೋಶದ ಒಳಗೆ ಕಟ್ಟು.

ಇವೆರಡರ ನಂಟು ಅತ್ಯಂತ ಸ್ಪಷ್ಟವಾಗಿ ಕಂಡುಬಂದುದು ರೀಲಿನ್ ಎಂಬ ಮಾತೃಕಾದ್ರವ್ಯದ ವಂಶವಾಹಿಯಲ್ಲಿ. 1951ರಲ್ಲಿ ವರ್ಣಿಸಲಾದ ತೂರಾಡುವ ನಡಿಗೆಯ ಒಂದು ಇಲಿಯ ತಳಿಯಿಂದ ಈ ಹೆಸರು ಬಂದಿತು. ವಂಶವಾಹಿಯನ್ನು ಗುರುತಿಸಿದ್ದು 1995ರಲ್ಲಿ. ಭ್ರೂಣದಲ್ಲಿ ನರಕೋಶಗಳು ತಮ್ಮ ತಮ್ಮ ಪದರಗಳನ್ನು ಸೇರುವಂತೆ ದಾರಿ ತೋರುವ ರೀಲಿನ್, ಬೆಳೆದ ಮೆದುಳಿನಲ್ಲಿ ನರಸಂಧಿಗಳ ಬಲವನ್ನು ಪೋಷಿಸುತ್ತದೆ. 1998ರಲ್ಲಿ ಶಿಕಾಗೊದ ಸಂಶೋಧಕರು, ಸ್ಕಿಜೋಫ್ರೇನಿಯಾ ಎಂಬ ಮನೋರೋಗವಿದ್ದು ಮರಣ ಹೊಂದಿದವರ ಮೆದುಳಿನಲ್ಲಿ ರೀಲಿನ್ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿರುವುದನ್ನು ಕಂಡರು. 2005ರಲ್ಲಿ ಆ ವಂಶವಾಹಿಯ ಆರಂಭದಲ್ಲಿ ಮಿಥೈಲ್ ಚುಕ್ಕೆಗಳು ಹೆಚ್ಚಿರುವ ವರದಿ ಬಂದಿತು. ಆದರೆ ಎಲ್ಲ ಪ್ರಯೋಗಾಲಯಗಳಲ್ಲಿಯೂ ಈ ಮಿಥೈಲಿನ ಫಲಿತಾಂಶ ದೊರೆಯಲಿಲ್ಲವೆಂಬುದನ್ನು ಸಹ ಇಲ್ಲಿಯೇ ಹೇಳಬೇಕು. ಇದಕ್ಕಿಂತ ದೃಢವಾದುದು 2007ರ ಇನ್ನೊಂದು ಪ್ರಯೋಗ. ಅಮೆರಿಕದ ಕೋರ್ಟ್ನಿ ಮಿಲ್ಲರ್ ಮತ್ತು ಡೇವಿಡ್ ಸ್ವೆಟ್ ಅವರು ಇಲಿಗಳಿಗೆ ಒಂದು ಹೊಸ ಪಾಠವನ್ನು ಕಲಿಸಿದ ಒಂದು ಗಂಟೆಯೊಳಗೆ, ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ಸಿನಲ್ಲಿ ರೀಲಿನ್ ವಂಶವಾಹಿಯ ಮೇಲಿನ ಮಿಥೈಲ್ ಚುಕ್ಕೆಗಳು ಕಡಮೆಯಾಗಿ ಅದರ ಓದು ಹೆಚ್ಚಿದುದನ್ನು ತೋರಿಸಿದರು. ಒಂದು ದಿನದೊಳಗೆ ಅದು ಮೊದಲಿನ ಸ್ಥಿತಿಗೆ ಮರಳಿತು. ಜೀವಮಾನವೆಲ್ಲ ಅಚಲವೆಂದು ಭಾವಿಸಿದ್ದ ಗುರುತು ಒಂದು ಪಾಠದಿಂದ ಅಲುಗಾಡಿತು.

ಮಿಥೈಲ್ ಚುಕ್ಕೆಗಳನ್ನು ಗುರುತಿಸುವ ಸಸಾರಜನಕವೊಂದು ಕೆಟ್ಟರೆ ಆಗುವ ಅನಾಹುತಕ್ಕೆ ರೆಟ್ ಲಕ್ಷಣಕೂಟವು ನಿದರ್ಶನ. ಬಹುಮಟ್ಟಿಗೆ ಹೆಣ್ಣು ಮಕ್ಕಳಲ್ಲಿ ಕಂಡುಬರುವ ಈ ರೋಗದಲ್ಲಿ ಮಗು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಬೆಳೆದು, ಅನಂತರ ಕಲಿತ ಮಾತನ್ನೂ ಕೈಗಳ ಬಳಕೆಯನ್ನೂ ಕಳೆದುಕೊಳ್ಳುತ್ತದೆ. ಇದಕ್ಕೆ ಮೆಕ್‌ಪಿ-2 ಎಂಬ ವಂಶವಾಹಿಯ ದೋಷ ಕಾರಣವೆಂದು 1999ರಲ್ಲಿ ತಿಳಿದುಬಂದಿತು. ಅದೇ ದೋಷವುಳ್ಳ ಇಲಿಗಳಲ್ಲಿ ನರಕೋಶದ ಬಲೆಯ ಬೆಳವಣಿಗೆಯೂ ತಾಳ ತಪ್ಪಿರುವುದು ಕಂಡುಬಂದಿದೆ.

ನಮ್ಮ ನಾಡಿನ ಕೊಡುಗೆ

ಈ ವಿಷಯದಲ್ಲಿ ಬೆಂಗಳೂರಿನ ಸಂಸ್ಥೆಗಳು ಮಾಡಿರುವ ಕಾರ್ಯ ನಮಗೆ ಅಭಿಮಾನದ ಸಂಗತಿ. 1974ರಲ್ಲಿ ರೂಪುಗೊಂಡ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಹಾಗೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇವುಗಳ ವಿಜ್ಞಾನಿಗಳಾದ ಬಿ. ಎಸ್. ಶಂಕರನಾರಾಯಣ ರಾವ್, ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು 2002ರಲ್ಲಿ ಒಂದು ಮಹತ್ವದ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಇಲಿಗಳನ್ನು ಅಲುಗಾಡದಂತೆ ಬಂಧಿಸಿಟ್ಟಾಗ, ಹಿಪೊಕ್ಯಾಂಪಸ್ಸಿನ ನರಕೋಶಗಳ ಕೊಂಬೆಗಳು ಕುಗ್ಗಿದವು. ಭಯದ ಕೇಂದ್ರವಾದ ಅಮಿಗ್ಡಲಾದ ಕೊಂಬೆಗಳು ಇನ್ನೂ ಹಬ್ಬಿದವು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2004ರಲ್ಲಿ ಬಂದ ಮುಂದಿನ ವರದಿ ಇನ್ನೂ ಗಂಭೀರವಾದುದು. ಇಪ್ಪತ್ತೊಂದು ದಿನಗಳ ವಿಶ್ರಾಂತಿಯ ಅನಂತರವೂ ಅಮಿಗ್ಡಲಾದ ಬೆಳವಣಿಗೆಯೂ ಪ್ರಾಣಿಯ ಕಳವಳವೂ ಹಿಂದಿರುಗಲಿಲ್ಲ. 2007ರಲ್ಲಿ ಇದೇ ಬಳಗದವರು ವಿದೇಶದ ವಿಜ್ಞಾನಿಗಳೊಡನೆ ಸೇರಿ, ಅಮಿಗ್ಡಲಾದ ಇನ್ನೊಂದು ಭಾಗದಲ್ಲಿ ಇಂಥ ಒತ್ತಡದಿಂದ ನರಸಂಧಿಯ ಮುಳ್ಳುಗಳು ಉದುರುವುದಕ್ಕೆ, ಕೋಶದ ಹೊರಗೆ ಸ್ರವಿಸಿ ಅಲ್ಲಿಯ ಸಸಾರಜನಕಗಳ ವಿಘಟನೆಯನ್ನು ಪ್ರಚೋದಿಸುವ ಪ್ಲಾಸ್ಮಿನೊಜೆನ್ ಪ್ರಚೋದಕವೆಂಬ ಕಿಣ್ವ ಕಾರಣವೆಂದು ಸಿದ್ಧಪಡಿಸಿದರು. ಆ ಕಿಣ್ವವಿಲ್ಲದ ಇಲಿಗಳಲ್ಲಿ ಮುಳ್ಳುಗಳು ಉಳಿದುಕೊಂಡವು. ಭಯವು ನರಕೋಶದೊಳಗೆ ಮಾತ್ರವಲ್ಲ, ಅದರ ಸುತ್ತಣ ಹೆಣಿಗೆಯಲ್ಲಿಯೂ ಕೆಲಸ ಮಾಡುತ್ತದೆ.

ಕಟ್ಟನ್ನು ಸಡಿಲಿಸುವ ದಿಕ್ಕಿನಲ್ಲಿ ಶ್ರಮಿಸಿದವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ತಪಸ್ ಕುಮಾರ್ ಕುಂಡು ಅವರ ತಂಡದವರು. ಅಸಿಟೈಲನ್ನು ಸೇರಿಸುವ ಕಿಣ್ವಗಳನ್ನು ಚುರುಕುಗೊಳಿಸುವ ಒಂದು ಸಣ್ಣ ಅಣುವನ್ನು ಅವರು ರೂಪಿಸಿದರು. ಆದರೆ ಅದು ತಾನಾಗಿ ರಕ್ತದಿಂದ ಮೆದುಳಿಗೆ ಪ್ರವೇಶಿಸದು. ಆದ್ದರಿಂದ ಗ್ಲೂಕೋಸಿನಿಂದ ತಯಾರಿಸಿದ ಅತಿಸೂಕ್ಷ್ಮ ಇಂಗಾಲದ ಗೋಲಗಳಿಗೆ ಅದನ್ನು ಅಂಟಿಸಿದರು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದೊಡನೆ ಸೇರಿ 2013ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ, ಔಷಧ ಪಡೆದ ಇಲಿಗಳ ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳು ಚೆನ್ನಾಗಿ ಬಲಿತವು ಮತ್ತು ಕಲಿತ ಸ್ಥಳದ ನೆನಪು ಹೆಚ್ಚು ಕಾಲ ಉಳಿಯಿತು. 2019ರಲ್ಲಿ ಲಂಡನ್ನಿನ ಸಂಶೋಧಕರ ನೇತೃತ್ವದಲ್ಲಿ ಇದೇ ಅಣು ಬೆನ್ನುಹುರಿಯ ಗಾಯದ ಮೇಲೆ ಪ್ರಯೋಗಿಸಲ್ಪಟ್ಟು, ಪ್ರಾಣಿಗಳಲ್ಲಿ ತಂತುಗಳ ಪುನರ್ಬೆಳವಣಿಗೆಗೆ ನೆರವಾಯಿತು. ಬೆನ್ನುಹುರಿಯ ಗಾಯದ ಸ್ಥಳದಲ್ಲಿ ತಂತುಗಳನ್ನು ತಡೆಯುವ ಪ್ರಮುಖ ವಸ್ತುಗಳಲ್ಲೊಂದು ನಾವು ಮೇಲೆ ಹೇಳಿದ ಕೊಂಡ್ರಾಯಿಟಿನ್ ಸಲ್ಫೇಟೇ ಎಂಬುದನ್ನು ವಾಚಕರು ನೆನಪಿಡಬೇಕು.

ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮೆದುಳಿನ ಅಂಗಾಂಶ ಭಂಡಾರವೊಂದು ಇದೆ. ಬದುಕಿರುವವರ ಮೆದುಳಿನಿಂದ ವಂಶವಾಹಿಯ ಗುರುತುಗಳನ್ನು ಓದುವುದು ಸಾಧಾರಣವಾಗಿ ಸಾಧ್ಯವಿಲ್ಲ. ಆಪ್ತರನ್ನು ಕಳೆದುಕೊಂಡ ದುಃಖದ ಗಳಿಗೆಯಲ್ಲಿ ಸಮ್ಮತಿಸಿದ ಕುಟುಂಬಗಳ ದಾನದಿಂದಲೇ ಅಂಥ ಭಂಡಾರ ನಡೆಯುತ್ತದೆ. ದಾನವೆಂದರೆ ಧನ ಮಾತ್ರವಲ್ಲವೆಂಬುದನ್ನು ಆ ಕುಟುಂಬಗಳು ಮೌನವಾಗಿ ಬೋಧಿಸಿವೆ.

ಗುರುಗಳು ಗ್ರಹಿಸಬೇಕಾದುದು

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತು ಅವಶ್ಯ. ಮೊದಲನೆಯದಾಗಿ, ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನವು ಇಲಿಗಳ ಮೇಲೆ ನಡೆದವು. ಇಲಿಯ ಹತ್ತು ದಿನ ಮಗುವಿನ ಎಷ್ಟು ದಿನಗಳಿಗೆ ಸಮ ಎಂದು ಲೆಕ್ಕ ಹಾಕುವುದು ಸಲ್ಲದು. ಎರಡನೆಯದಾಗಿ, ಬಾಲ್ಯದಲ್ಲಿ ಕಷ್ಟಪಟ್ಟ ಮಗುವಿನ ವಂಶವಾಹಿಗೆ ಅಳಿಸಲಾಗದ ಮುದ್ರೆ ಬಿದ್ದಿದೆ ಎಂದು ಸಾರುವುದು ವಿಜ್ಞಾನವಲ್ಲ. ಹಣೆಬರಹವೆಂಬ ಹಳೆಯ ಮಾತಿಗೆ ಹೊಸ ಅಂಗಿ ತೊಡಿಸಿದಂತಾದೀತು. ರೀಲಿನ್ ಪ್ರಯೋಗದ ಸಾರಾಂಶವೇ ಗುರುತುಗಳು ಬದಲಾಗುತ್ತವೆ ಎಂಬುದು. ಮೂರನೆಯದಾಗಿ, ಮೆದುಳಿನ ಬಾಗಿಲನ್ನು ಔಷಧದಿಂದ ತೆರೆಯುವ ಆಸೆಗೆ ಯಾರೂ ಬಲಿಯಾಗಬಾರದು. 2010ರ ಪ್ರಯೋಗದಲ್ಲಿ ಬಳಸಿದ ವಾಲ್‌ಪ್ರೊಯಿಕ್ ಆಮ್ಲ ಮೂರ್ಛೆರೋಗಕ್ಕೆ ವೈದ್ಯರು ಕೊಡುವ ಔಷಧ. ಗರ್ಭಿಣಿಯರು ಸೇವಿಸಿದರೆ ಅದು ಭ್ರೂಣಕ್ಕೆ ತೀವ್ರ ಹಾನಿ ಮಾಡಬಲ್ಲುದು. ಬುದ್ಧಿ ಬೆಳೆಸುವ ಗುಳಿಗೆ ಇದಲ್ಲ.

ಹಾಗಾದರೆ ಒಬ್ಬ ಅಧ್ಯಾಪಕನು ನಾಳೆ ಬೆಳಗ್ಗೆ ಮಾಡಬಹುದಾದುದೇನು? ನನಗೆ ತಿಳಿದ ಉತ್ತರ ಸರಳವಾಗಿದೆ. ಶಾಲೆಗೆ ಸೇರಿದ ಮಗುವಿನ ಎರಡು ಕಣ್ಣುಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು. ಒಂದು ಕಣ್ಣು ಚೆನ್ನಾಗಿದ್ದರೆ ಮಗು ತನಗೆ ದೋಷವಿದೆಯೆಂದು ಹೇಳುವುದೇ ಇಲ್ಲ, ಏಕೆಂದರೆ ಅದಕ್ಕೆ ಬೇರೆ ನೋಟದ ಪರಿಚಯವೇ ಇಲ್ಲ. ಗೋಡೆಗೆ ಒಂದು ಅಕ್ಷರಗಳ ಪಟ, ಆರು ಮೀಟರ್ ದೂರ, ಒಂದು ಕಣ್ಣನ್ನು ಮುಚ್ಚಲು ಒಂದು ರಟ್ಟಿನ ತುಂಡು ಇಷ್ಟು ಸಾಕು. ಸಂಶಯ ಬಂದರೆ ವೈದ್ಯರಿಗೆ ತೋರಿಸುವುದು. ನಮ್ಮ ದೇಶದಲ್ಲಿ ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು, ಶಾಲಾಮಕ್ಕಳ ಕಣ್ಣಿನ ತಪಾಸಣೆಯೂ ಅದರಲ್ಲಿ ಸೇರಿದೆ. ಆದರೆ ತಪಾಸಣೆಯ ತಂಡ ಬರುವ ದಿನ ಗೈರುಹಾಜರಾದ ಮಗುವನ್ನು ನೆನಪಿಡಬೇಕಾದವರು ತರಗತಿಯ ಗುರುಗಳೇ. ಸೋಮಾರಿ ಕಣ್ಣೆಂದು ಜನ ಕರೆಯುವ ಈ ದೋಷಕ್ಕೆ ಕನ್ನಡಕವೂ, ಒಳ್ಳೆಯ ಕಣ್ಣಿಗೆ ದಿನದ ಕೆಲವು ಗಂಟೆ ಕಟ್ಟುವ ಪಟ್ಟಿಯೂ ಚಿಕಿತ್ಸೆ. ಏಳು ವರ್ಷದೊಳಗೆ ಆರಂಭಿಸಿದರೆ ಫಲ ಅತ್ಯುತ್ತಮ. ತಡವಾಯಿತೆಂದು ಕೈಚೆಲ್ಲುವುದೂ ತಪ್ಪು. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ 7ರಿಂದ 12 ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಚಿಕಿತ್ಸೆಯಿಂದ ನೋಟ ಸುಧಾರಿಸಿತು. 13 ದಾಟಿದವರಲ್ಲಿಯೂ, ಹಿಂದೆ ಪಟ್ಟಿಯ ಚಿಕಿತ್ಸೆ ಪಡೆಯದವರಿಗೆ ಸ್ವಲ್ಪ ಪ್ರಯೋಜನ ಕಂಡಿತು. ಬಾಗಿಲು ಒಮ್ಮೆಲೇ ಮುಚ್ಚುವುದಿಲ್ಲ, ಸಾವಕಾಶವಾಗಿ ಮುಚ್ಚುತ್ತದೆ.

ಎರಡನೆಯ ಕರ್ತವ್ಯ ಭಯವನ್ನು ಕುರಿತದ್ದು. ಪಾಠದೊಡನೆ ಬೆತ್ತದ ಭಯವನ್ನೂ ಕಲಿಸಿದರೆ ಮೆದುಳು ಎರಡನ್ನೂ ಜೋಪಾನವಾಗಿ ಕಾಯ್ದಿಡುವ ಸಂಭವವಿದೆ. ಮನೆಯಲ್ಲಿ ಕೊಂಕಣಿ ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು ಈ ಸೀಮೆಯಲ್ಲಿ ಹೊಸದೇನಲ್ಲ. ಆ ಮಗು ತಡವರಿಸಿದಾಗ ನಗದೆ, ಗದರಿಸದೆ ಕಾಯುವುದೂ ಒಂದು ಬೋಧನೆಯೇ. ಮಕ್ಕಳ ಮೆದುಳಿನಲ್ಲಿ ಅದರ ಫಲವನ್ನು ಸೂಕ್ಷ್ಮದರ್ಶಕದಿಂದ ಯಾರೂ ನೋಡಬೇಕಾಗಿಲ್ಲ, ಅವರ ಮುಖದಲ್ಲಿ ನೋಡಿದರೆ ಸಾಕು.

ದಾನಿಗಳಲ್ಲಿ ನನ್ನದೊಂದು ವಿನಂತಿ. ಕಟ್ಟಡಗಳಿಗೂ ಬಹುಮಾನಗಳಿಗೂ ನೀವು ನೀಡಿರುವ ನೆರವು ಚಿರಸ್ಮರಣೀಯವಾದುದು. ಅದರೊಡನೆ, ಒಂದನೆಯ ತರಗತಿಗೆ ಸೇರುವ ಪ್ರತಿಯೊಂದು ಮಗುವಿನ ಕಣ್ಣು ಮತ್ತು ಕಿವಿಗಳ ಪರೀಕ್ಷೆ ಮೊದಲ ತಿಂಗಳಿನಲ್ಲಿಯೇ ನಡೆಯುವಂತೆಯೂ, ಅವಶ್ಯವಿದ್ದವರಿಗೆ ಕನ್ನಡಕ ದೊರೆಯುವಂತೆಯೂ ಒಂದು ಚಿಕ್ಕ ನಿಧಿಯನ್ನು ಸ್ಥಾಪಿಸಬಹುದು. ಒಂದು ಜೊತೆ ಕನ್ನಡಕಕ್ಕೆ ತಗಲುವ ವೆಚ್ಚ ಅಲ್ಪ. ಅದನ್ನು ಆರನೆಯ ವರ್ಷಕ್ಕೆ ಕೊಡುವುದಕ್ಕೂ ಹದಿನೈದನೆಯ ವರ್ಷಕ್ಕೆ ಕೊಡುವುದಕ್ಕೂ ಇರುವ ಅಂತರ ಎಷ್ಟೆಂಬುದನ್ನು ಈ ಲೇಖನದಲ್ಲಿ ಯಥಾಶಕ್ತಿ ವಿವರಿಸಿದ್ದೇನೆ.

ತಲೆ ವಾಲಿಸುತ್ತಿದ್ದ ಆ ಹುಡುಗ ಈಗ ನಡುವಯಸ್ಸಿನವನು. ಕೆಲವು ವರ್ಷಗಳ ಹಿಂದೆ ಭೇಟಿಯಾದಾಗ, ತನ್ನ ಮಗಳ ಕಣ್ಣುಗಳನ್ನು ನಾಲ್ಕನೆಯ ವರ್ಷದಲ್ಲಿಯೇ ಪರೀಕ್ಷೆ ಮಾಡಿಸಿದೆನೆಂದು ಹೇಳಿದ. ಅವಳಿಗೂ ಒಂದು ಕಣ್ಣಿನಲ್ಲಿ ದೋಷವಿತ್ತು. ಪಟ್ಟಿ ಕಟ್ಟಿಸಿ, ಕನ್ನಡಕ ಹಾಕಿಸಿದ ಮೇಲೆ ಈಗ ಎರಡೂ ಕಣ್ಣುಗಳಿಂದ ಓದುತ್ತಾಳೆ. ನಾನು ಅವನಲ್ಲಿ ಕ್ಷಮೆ ಕೇಳಿದೆ. ಅವನು, "ಆಗ ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ ಸರ್" ಎಂದ. ಈಗ ಗೊತ್ತಿದೆ. ಗೊತ್ತಾದ ಮೇಲೆ ಮಾಡದಿದ್ದರೆ ಅದಕ್ಕೆ ಕ್ಷಮೆಯಿರದು ಎಂದು ನಿವೇದಿಸಿ ಈ ಬರಹವನ್ನು ಮುಗಿಸುತ್ತೇನೆ.